ನಾಮಿನಿ ಇಲ್ಲದ ಸೂಪರ್ ಹೀರೋಗೆ ಪ್ರವೇಶವಿಲ್ಲ

ಬ್ರೌಸಿಂಗ್ ಸೆಂಟರ್ ಇಟ್ಟುಕೊಂಡವನು ನಗೋದಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ. ಸುಮ್ಮನೆ ಕೂತಿದ್ದರೆ ಸಾಕು. ಸಂಜೆ ಐದಕ್ಕೆ ನಗುವೇ ಚಪ್ಪಲಿ ಬಿಚ್ಚಿ ಒಳಗೆ ಬರುತ್ತೆ.

ನನ್ನದು ಜೋಗುಪಾಳ್ಯದಲ್ಲಿ. ಮನೆಯ ಮುಂದಿನ ರೂಮು, ಆರು ಕಂಪ್ಯೂಟರು. ಶುರು ಮಾಡಿದವಳು ನನ್ನ ಹೆಂಡತಿ. ನಾನು ಏಳನೇ ಕ್ಲಾಸು. ಫ್ಯಾಕ್ಟರಿಯಲ್ಲಿ ಲೇತ್ ಓಡಿಸಿದವನು. ಅವಳು ಹೋದ ಮೇಲೆ ಅವಳ ಕುರ್ಚಿಯಲ್ಲಿ ಕೂತೆ. ಬಾಗಿಲಲ್ಲಿ ಅವಳು ಬರೆದು ಅಂಟಿಸಿದ ಚೀಟಿ ಹಾಗೇ ಇದೆ: ‘ಚಪ್ಪಲಿ ಹೊರಗೆ. ಯಾರಾದರೂ ಸರಿ.’

ವಿಮಾನ ನಿಲ್ದಾಣ ಇನ್ನೂ ನಮ್ಮ ಪಕ್ಕದಲ್ಲೇ ಇದ್ದ ಕಾಲ. ಮೂರು ಜನ ದಿನಾ ಬರೋರು. ಒಬ್ಬರು ಇನ್ಶೂರೆನ್ಸ್ ಆಫೀಸಿನ ಹೆಡ್ ಕ್ಲರ್ಕು. ಒಬ್ಬರು ಶಿವಾಜಿನಗರದಲ್ಲಿ ಹಳೇ ಗಾಡಿ ಸ್ಪೇರ್ ಪಾರ್ಟ್ಸ್ ಮಾರೋ ಭಾಯ್. ಇನ್ನೊಬ್ಬರು ಕೆ.ಆರ್. ಪುರದ ಜಮೀನ್ದಾರರು. ಮೂವರಿಗೂ ಕೂದಲು ನೆರೆದಿತ್ತು. ಮೂವರಿಗೂ ಒಂದೇ ಹುಚ್ಚು.

ಇಂಟರ್ನೆಟ್ಟಲ್ಲಿ ಅವರದೊಂದು ಗುಂಪು. ಒಬ್ಬೊಬ್ಬರೂ ಒಬ್ಬ ಸೂಪರ್ ಹೀರೋನ ಹುಟ್ಟಿಸಬೇಕು. ನನ್ನ ಹೀರೋ ಹಾರಿದ ಅಂತ ಒಬ್ಬರು ಬರೆದರೆ, ನನ್ನ ಹೀರೋ ಕಾಲು ಹಿಡಿದು ಎಳೆದ ಅಂತ ಇನ್ನೊಬ್ಬರು ಬರೀಬೇಕು. ಹಾಗೇ ಕತೆ ಬೆಳೆಯುತ್ತೆ. ಮೈಸೂರು, ದುಬೈ ಎಲ್ಲ ಕಡೆಯಿಂದ ಜನ ಇದ್ದರು. ಯಾರನ್ನ ಸೇರಿಸಬೇಕು, ಕತೆ ಹೇಗೆ ನಡೀಬೇಕು ಅಂತ ನಿಯಮ ಬರೆಯೋರು ನಮ್ಮ ಹೆಡ್ ಕ್ಲರ್ಕು.

ನೋಡ್ತಾ ನೋಡ್ತಾ ನನಗೂ ಆಸೆ ಬಂತು. ನನ್ನ ಹೆಂಡತೀನ ಅದರಲ್ಲಿ ಒಬ್ಬ ಹೀರೋ ಮಾಡಿ ಸೇರಿಸಬೇಕು. ಕ್ಲರ್ಕ್ ಸಾಹೇಬರು ಬಿಡಬೇಕಲ್ಲ.

೧. ಫಾರಂ

ಮೂವತ್ತು ವರ್ಷ ಪಾಲಿಸಿ ಫಾರಂ ತಿದ್ದಿದ ಕೈ ಅದು. ಸೂಪರ್ ಹೀರೋಗೂ ಅದನ್ನೇ ಇಳಿಸಿದ್ದರು. ಹೆಸರು. ವಯಸ್ಸು. ಶಕ್ತಿ. ಶಕ್ತಿಗೆ ಪುರಾವೆ. ದೌರ್ಬಲ್ಯ, ಇದು ಕಡ್ಡಾಯ. ಧೂಮಪಾನ ಉಂಟೇ? ನಾಮಿನಿ ಯಾರು?

“ಸೂಪರ್ ಹೀರೋಗೆ ನಾಮಿನಿ ಯಾಕೆ ಸಾರ್?” ಅಂದೆ.

“ನಾಳೆ ಅವನು ಹೋಗ್ಬಿಟ್ಟ ಅಂತಿಟ್ಕೊಳ್ಳಿ. ಶಕ್ತಿ ಯಾರಿಗೆ ಸೇರಬೇಕು? ಜಗಳ ಆಗಲ್ವಾ?”

ದುಬೈಯವನೊಬ್ಬ ಬೆಂಕಿ ಉಗುಳೋ ಹೀರೋನ ಕಳಿಸಿದ. ಒಳ್ಳೇ ಹೀರೋ. ಸಾಹೇಬರು ಕನ್ನಡಕ ಏರಿಸಿ ಓದಿದರು.

“ಬಾಯಲ್ಲಿ ಇಷ್ಟು ಹೊಗೆ ಬರ್ತಿದೆ. ಧೂಮಪಾನ ಇಲ್ಲ ಅಂತ ಬರ್ದಿದಾನೆ. ಮಾಹಿತಿ ಮುಚ್ಚಿಟ್ಟಿದಾನೆ. ರಿಜೆಕ್ಟ್.”

೨. ಮೂರನೇ ಮಹಡಿ

ಇನ್ನೊಂದು ನಿಯಮ ಇತ್ತು. ಹಲಸೂರಿಂದ ಇಂದಿರಾನಗರದ ತನಕ ಯಾವ ಹೀರೋನೂ ಮೂರನೇ ಮಹಡಿ ಮೇಲೆ ಹಾರೋ ಹಾಗಿಲ್ಲ. ವಿಮಾನ ಇಳಿಯೋ ದಾರಿ.

ಒಂದು ಸಲ ಮೈಸೂರಿನವರ ವಿಲನ್ನು ನೂರು ಅಡಿ ರಸ್ತೇಲಿ ಬಾಂಬ್ ಇಟ್ಟ. ಭಾಯ್ ಹೀರೋ ಹಲಸೂರು ಕೆರೆ ಹತ್ತಿರ ಇದ್ದ. ಹಾರಿದ. ಸಾಹೇಬರು ಇಳಿಸಿದರು. ಸರಿ, ಆಟೋ ಹಿಡಿತೀನಿ ಅಂತ ಭಾಯ್ ಬರೆದರು. ಆಟೋದವನ ಮಾತು ಬರೆಯೋ ಸರದಿ ಜಮೀನ್ದಾರರದು.

ಅವರು ಒಂದೇ ಸಾಲು ಬರೆದರು: ‘ಆ ಕಡೆ ಬರಲ್ಲ ಸಾರ್, ರಿಟರ್ನ್ ಸಿಗಲ್ಲ.’

ಅವತ್ತು ಇಂದಿರಾನಗರ ಉಳಿಯಲಿಲ್ಲ.

೩. ಖಾಲಿ ಇತ್ತು

ಜಮೀನ್ದಾರರ ಹೀರೋಗೆ ಕಲ್ಲು ಎತ್ತೋ ಶಕ್ತಿ. ಬೆಟ್ಟ ಬೇಕಾದರೂ ಎತ್ತುತ್ತಾನೆ. ಆದರೆ ಇನ್ನೊಬ್ಬರ ಪಾತ್ರಕ್ಕೆ ಸೇರಿದ್ದನ್ನ ಕೇಳದೆ ಮುಟ್ಟಬಾರದು ಅಂತ ನಿಯಮ.

ಮೈಸೂರಿನವರ ಹೀರೋಗೆ ಬೈಯಪ್ಪನಹಳ್ಳಿಯಲ್ಲಿ ಗುಪ್ತ ಅಡಗುತಾಣ ಇತ್ತು. ಅವರ ಮನೇಲಿ ಮದುವೆ. ನಾಲ್ಕು ದಿನ ಏನೂ ಬರೆಯಲಿಲ್ಲ. ಐದನೇ ದಿನ ಬಂದು ನೋಡ್ತಾರೆ, ಅಡಗುತಾಣದ ಸುತ್ತ ಕಲ್ಲಿನ ಕಾಂಪೌಂಡು. ಗೇಟು. ಗೇಟಿಗೆ ಬೀಗ. ಒಳಗೆ ಒಂದು ಎಮ್ಮೆ.

“ಏನ್ರೀ ಇದು?” ಅಂತ ಸಾಹೇಬರು ರೇಗಿದರು.

“ಖಾಲಿ ಇತ್ತಲ್ಲ ಸ್ವಾಮಿ.”

“ಖಾಲಿ ಅಲ್ಲ ಕಣ್ರೀ, ಗುಪ್ತ!”

“ಗುಪ್ತ ಅಂತ ಒಂದು ಬೋರ್ಡಾದ್ರೂ ಹಾಕ್ಬೇಕಿತ್ತು.”

೪. ಸತ್ತ ಗಾಡಿ

ಐದನೇ ನಿಯಮ: ಸತ್ತವರು ವಾಪಸ್ ಬರೋ ಹಾಗಿಲ್ಲ.

ಭಾಯ್ ಹೀರೋ ವಾರಕ್ಕೊಂದು ಸಲ ಸಾಯ್ತಿದ್ದ. ಸೋಮವಾರ ಮತ್ತೆ ಬರ್ತಿದ್ದ. ಒಂದು ಸಲ ಹೊಸ ಕೈ. ಒಂದು ಸಲ ಬೇರೆಯವರ ಹೃದಯ. ಒಂದು ಸಲ ತಲೆಯೇ ಬೇರೆ.

“ಇವನು ಸತ್ತಿದಾನೆ ಭಾಯ್. ಒಪ್ಕೊಳ್ಳಿ.”

“ನಮ್ಮ ಗಲ್ಲಿಗೆ ಬಂದು ನೋಡಿ ಸಾಬ್. ಸತ್ತಿದ್ದು ಗಾಡಿ ಅಂತ ಒಂದೂ ಇಲ್ಲ. ಪಾರ್ಟ್ ಸಿಕ್ಕಿಲ್ಲ, ಅಷ್ಟೇ.”

ನಾನು ನಗಲಿಲ್ಲ ಅವತ್ತು. ಮಾರನೇ ದಿನ ಒಂದು ಫಾರಂ ಪ್ರಿಂಟ್ ತೆಗೆದುಕೊಂಡೆ.

೫. ನನ್ನ ಅರ್ಜಿ

ಪೆನ್ನಲ್ಲಿ ಬರೆದೆ. ನಿಧಾನ ಆಯ್ತು.

ಶಕ್ತಿ: ಹೆಜ್ಜೆ ಸದ್ದಲ್ಲೇ ಸುಳ್ಳು ಹಿಡಿಯುತ್ತಾಳೆ. ಮನೇಲಿ ಏನೇ ಕಳೆದರೂ, ಅಡುಗೆಮನೆಯಿಂದ ಈಚೆಗೆ ಬರದೆ ಎಲ್ಲಿದೆ ಅಂತ ಹೇಳುತ್ತಾಳೆ.

ಸಾಹೇಬರು ವಾಪಸ್ ಕೊಟ್ಟರು. “ಪುರಾವೆ?”

ಬಾಗಿಲಾಚೆ ತೋರಿಸಿದೆ. ಆರು ಚಪ್ಪಲಿ ಸಾಲಾಗಿ ಇತ್ತು. “ಅವಳು ಹೋಗಿ ಎರಡು ವರ್ಷ ಆಯ್ತು ಸಾರ್. ಯಾರ ಭಯಕ್ಕೆ ಬಿಚ್ಚಿದೀರಿ?”

ಮೂವರೂ ತಮ್ಮ ಕಾಲು ನೋಡಿಕೊಂಡರು. ಪುರಾವೆ ಪಾಸಾಯ್ತು.

ಎರಡನೇ ಸಲ ಐದನೇ ನಿಯಮ ಅಡ್ಡ ಬಂತು. ಭಾಯ್ ಬಾಯಿ ತೆಗೆಯೋದರೊಳಗೆ ಸಾಹೇಬರೇ ಅಂದರು, “ಅದು ಕತೆ ಒಳಗೆ ಸತ್ತೋರಿಗೆ. ಇವರು ಕತೆಗೇ ಬಂದಿಲ್ಲ. ಅನ್ವಯಿಸಲ್ಲ.” ಒಳ್ಳೇ ಮನುಷ್ಯ, ಫಾರಂ ಕೈಲಿ ಇಲ್ಲದಾಗ.

ಮೂರನೇ ಸಲ ಸಿಕ್ಕಿಬಿದ್ದೆ. ದೌರ್ಬಲ್ಯದ ಕಾಲಂ ಖಾಲಿ.

“ಏನೂ ಇರಲಿಲ್ಲ ಸಾರ್.”

“ಎಲ್ರಿಗೂ ಇರುತ್ತೆ ಯಜಮಾನ್ರೇ. ಬಿಪಿ? ಶುಗರ್?”

ಆಸ್ಪತ್ರೆಯವರು ಕೊನೆಗೆ ಏನೇನೋ ಬರೆದಿದ್ದರು. ಅದು ಕಾಯಿಲೇದು, ಅವಳದಲ್ಲ. ಬರೆಯಲಿಲ್ಲ.

“ಖಾಲಿ ಬಿಟ್ರೆ ಸೇರಿಸೋಕೆ ಆಗಲ್ಲ. ನಿಯಮ ಅಂದ್ರೆ ನಿಯಮ.”

ಮೂರು ವಾರ ಆ ಕಾಲಂ ನೋಡ್ತಾ ಕೂತೆ. ಜಮೀನ್ದಾರರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು, “ಖಾಲಿ ಇದೆಯಾ? ನಾನು ಏನಾದ್ರೂ ಹಾಕ್ಲಾ?”

೬. ಆಡಿಟ್ಟು

ಸಾಹೇಬರು ಮನೇಲಿ ಒಂದು ಮಾತು ಹೇಳಿದ್ದರು. ದಿನಾ ಸಂಜೆ ಆಫೀಸಲ್ಲಿ ಆಡಿಟ್ಟು. ಒಂದು ವರ್ಷದಿಂದ ಆಡಿಟ್ಟು.

ಒಂದು ಸಂಜೆ ಮೂವರೂ ಕೂತಿದ್ದಾರೆ. ವಿಲನ್ನು ಕೆ.ಆರ್. ಪುರದ ಸೇತುವೆ ಹಿಡಿದು ಅಲ್ಲಾಡಿಸ್ತಿದ್ದಾನೆ. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತರು. ಕೈಯಲ್ಲಿ ತರಕಾರಿ ಚೀಲ. ಚೀಟಿ ಓದಿದರು. ಚಪ್ಪಲಿ ಬಿಚ್ಚಿದರು. ಒಳಗೆ ಬಂದರು.

“ರೀ.”

ಅಷ್ಟೇ. ಭಾಯ್ ಸ್ಕ್ರೀನ್ ಆರಿಸಿದರು. ಜಮೀನ್ದಾರರು ಕ್ಯಾಲೆಂಡರ್ ಓದೋಕೆ ಶುರು ಮಾಡಿದರು. ಮೂರು ಸೂಪರ್ ಹೀರೋಗಳು. ಒಬ್ಬನಿಂದಲೂ ಒಂದು ಶಕ್ತಿ ಹೊರಡಲಿಲ್ಲ.

“ಆಡಿಟ್ಟು ಕಣೇ,” ಅಂದರು ಸಾಹೇಬರು. “ಇವತ್ತು ಇಲ್ಲಿ ಇಟ್ಕೊಂಡಿದೀವಿ.”

“ಚಪ್ಪಲಿ ಬಿಚ್ಚಿ ಮಾಡೋ ಆಡಿಟ್ಟಾ? ರಸ್ತೇಲಿ ಸುಮ್ನೆ ಹೋಗ್ತಿದ್ದೆ. ಬಾಗಿಲಲ್ಲಿ ನಿಮ್ಮ ಚಪ್ಪಲಿ ಕಾಣಿಸ್ತು. ಎಡಗಡೆ ಉಂಗುಷ್ಟಕ್ಕೆ ಕೆಂಪು ದಾರ ಹಾಕಿಸಿದ್ದೇ ನಾನು.”

ನಾನು ಬಾಗಿಲ ಚೀಟಿ ನೋಡಿದೆ. ಎರಡು ವರ್ಷ ಆದಮೇಲೂ ಸುಳ್ಳು ಹಿಡೀತಾಳೆ ನನ್ನವಳು. ಅಡುಗೆಮನೆಯಿಂದ ಈಚೆಗೂ ಬಂದಿಲ್ಲ.

ಆಯಮ್ಮನ ಕಣ್ಣು ನನ್ನ ಮೇಜಿನ ಫಾರಂ ಮೇಲೆ ಬಿತ್ತು. “ಇದೇನಣ್ಣ?”

ಹೇಳಿದೆ. ನಿಂತುಕೊಂಡೇ ಪೂರ್ತಿ ಓದಿದರು. ಖಾಲಿ ಕಾಲಂ ಹತ್ತಿರ ಬೆರಳಿಟ್ಟರು.

“ಇದಕ್ಕೆ ಮೂರು ವಾರ ಬೇಕಾ? ಬರೀರಿ. ದೌರ್ಬಲ್ಯ: ಗಂಡ.”

ಬರೆದೆ. ಸರಿಯಾಗಿಯೇ ಇತ್ತು. ಮೊಣಕಾಲು ನೋವಿದ್ದರೂ ನನ್ನ ಸೈಕಲ್ ಬೆಲ್ಲಿಗೆ ಓಡಿ ಬಂದು ಗೇಟು ತೆಗೀತಿದ್ದಳು.

ಸಾಹೇಬರು ಫಾರಂ ಎಳೆದುಕೊಂಡರು. ಹೆಂಡತಿ ಎದುರಿಗೇ ಕನ್ನಡಕ ಏರಿಸಿದರು. ಅಭ್ಯಾಸ, ಪಾಪ.

“ಇದಾಗಲ್ಲ. ಕೆಳಗೆ ನಾಮಿನಿನೂ ಗಂಡ ಅಂತ ಬರೆದಿದಾರೆ. ದೌರ್ಬಲ್ಯನೂ ಅವನೇ, ನಾಮಿನಿನೂ ಅವನೇ ಅಂದ್ರೆ ಹೇಗೆ? ಇಂಥ ಕೇಸು ಎಲ್ಲೂ ಇಲ್ಲ.”

“ಮೂವತ್ತು ವರ್ಷದಿಂದ ನಮ್ಮನೇಲಿ ಇದೆಯಲ್ಲ,” ಅಂದರು ಆಯಮ್ಮ. “ಸೈನ್ ಹಾಕಿ. ಚಪ್ಪಲಿ ಮೆಟ್ಕೊಳ್ಳಿ. ನಡೀರಿ.”

ಸೈನ್ ಹಾಕಿದರು. ಸೇತುವೆ ಅಲ್ಲಾಡ್ತಾನೇ ಇತ್ತು.