ತಪಾಸಣೆಗೆ ಯಾಕ ಬರಲಿಲ್ರಿ?

ಯಾದಗಿರಿ ಜಿಲ್ಲೆಯ ಊರೂರು ತಿರುಗಿ, ಮೂವತ್ತು ದಾಟಿದ ಹೆಣ್ಣುಮಕ್ಕಳು ಕ್ಯಾನ್ಸರ್ ತಪಾಸಣೆಗೆ ಯಾಕೆ ಬರುವುದಿಲ್ಲ ಎಂದು ಕೇಳಿ ಬರೆದುಕೊಳ್ಳುವುದು ನನ್ನ ನೌಕರಿ. ಫಾರ್ಮಿನಲ್ಲಿ ಉತ್ತರಗಳು ಮೊದಲೇ ಅಚ್ಚಾಗಿರುತ್ತವೆ: ದೂರ, ಭಯ, ನಾಚಿಕೆ, ಪುರುಸೊತ್ತಿಲ್ಲ. ನಾನು ಗುರುತು ಹಾಕಿದರೆ ಸಾಕು. ಆದರೆ ನಮ್ಮ ಕಡೆಯ ಮಂದಿ ಅಚ್ಚಾದ ಉತ್ತರ ಕೊಟ್ಟದ್ದನ್ನು ನಾನು ಇವತ್ತಿಗೂ ಕಂಡಿಲ್ಲ.

ಎಷ್ಟು ದೂರ

ತಿಂಥಣಿ ಹತ್ತಿರದ ಒಂದು ಹಳ್ಳಿ. ಹತ್ತಿ ಬಿಡಿಸಿ ಆಗಷ್ಟೇ ಮನೆಗೆ ಬಂದಿದ್ದ ಹೆಣ್ಣುಮಗಳನ್ನು, ಆಸ್ಪತ್ರೆ ಎಷ್ಟು ದೂರ ಎಂದು ಕೇಳಿದೆ. ಹೋಗುವಾಗ ಎರಡು ಕಿಲೋಮೀಟರ್, ಬರುವಾಗ ಐದು ಎಂದಳು. ದಾರಿ ಒಂದೇ ಅಲ್ಲವೇ ಅಂದರೆ, ದನಿ ತಗ್ಗಿಸಿ ತಿಳಿಸಿ ಹೇಳಿದಳು. ಬರುವಾಗ ತವರುಮನೆಗೆ ಹಾಯ್ದು ಬರಬೇಕಂತೆ. ಹಬ್ಬ ಬಿಟ್ಟರೆ ಅಲ್ಲಿಗೆ ಹೋಗಲು ಮನೆಯಲ್ಲಿ ಒಪ್ಪುವುದಿಲ್ಲ, ಆಸ್ಪತ್ರೆ ಎಂದರೆ ಯಾರೂ ತಡೆಯುವುದಿಲ್ಲ. ಅವ್ವನ ಕೈಯ ಒಂದು ಕಪ್ ಚಹಾ ಕುಡಿದು ಬಂದರೂ ಸಾಕು ಎನ್ನುವಾಗ ಅವಳ ಕಣ್ಣು ಆ ದಿಕ್ಕಿಗೇ ನೆಟ್ಟಿತ್ತು.

ತಪಾಸಣೆಯ ದಿನ ಎಲ್ಲರಿಗಿಂತ ಮೊದಲು ಬಂದಳು. ನೋಡಿ ಮುಗಿಸಿದ ಡಾಕ್ಟರಮ್ಮ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೈ ಮುಗಿದಳು.

"ಎಲ್ಲಾ ಇವತ್ತ ಹೇಳಿ ಮುಗಸಬ್ಯಾಡ್ರಿ ಅಕ್ಕಾರ. ಅರ್ಧ ಮುಂದಿನ ವಾರಕ್ಕ ಇಡ್ರಿ."

ಅತ್ತೆ, ಸೊಸೆ

ಸುರಪುರದ ಒಂದು ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟು ತಿಂಗಳಾಗಿತ್ತು. ಅತ್ತೆ ನನ್ನನ್ನು ಬಾಗಿಲ ಹೊರಗೆ ಕರೆದು, ಸೊಸೆ ಒಳಗೊಳಗೇ ಸೊರಗುತ್ತಿದ್ದಾಳೆ, ಬಾಯಿಬಿಟ್ಟು ಹೇಳುವುದಿಲ್ಲ, ಹೆಂಗಾದರೂ ಮಾಡಿ ಕರೆದುಕೊಂಡು ಹೋಗು, ನಾನು ಹೇಳಿದೆ ಅನ್ನಬೇಡ ಎಂದಳು. ಹಿತ್ತಲಲ್ಲಿ ಸೊಸೆ ನನ್ನ ಸೆರಗು ಹಿಡಿದು ನಿಲ್ಲಿಸಿ, ಅತ್ತೆಯ ಬಗ್ಗೆ ಅದನ್ನೇ ಹೇಳಿದಳು. ಒಂದೇ ಒಲೆಯ ಮುಂದೆ ಕೂತು, ಮತ್ತೊಬ್ಬಳು ಮೊದಲು ಮಾತಾಡಲಿ ಎಂದು ಇಬ್ಬರೂ ಹಂಬಲಿಸುತ್ತಿದ್ದರು. ಮೊದಲು ನೀವು ಬಂದು ಹೋಗಿ, ಆಮೇಲೆ ಅವರನ್ನು ಕರೆಸುತ್ತೇನೆ ಎಂದು ನಾನು ಇಬ್ಬರಿಗೂ ಗುಟ್ಟಾಗಿ ಒಂದೇ ದಿನ ಕೊಟ್ಟೆ.

ಅತ್ತೆ ಒಂದು ಆಟೋದಲ್ಲಿ ಬಂದಳು, ಸೊಸೆ ಇನ್ನೊಂದರಲ್ಲಿ. ಬೆಂಚಿನ ಮೇಲೆ ಅಕ್ಕಪಕ್ಕ ಕೂತರು. ಅತ್ತೆ ಮೆಲ್ಲಗೆ ಸೊಸೆಯ ಕೈ ಹಿಡಿದಳು. ತಿಂಗಳ ಮೇಲೆ ಆಡುವ ಮೊದಲ ಮಾತು ಏನಿದ್ದೀತು ಎಂದು ಕಿವಿಗೊಟ್ಟೆ.

"ನೀ ಮನ್ಯಾಗ ಅದಿ ಅಂತ ನಾ ಒಲಿ ಮ್ಯಾಲ ಹಾಲಿಟ್ಟು ಬಂದೀನಲ್ಲ" ಎಂದಳು ಅತ್ತೆ.

ಇಬ್ಬರೂ ಎದ್ದು ಓಡಿದರು. ತಪಾಸಣೆ ಮರುದಿನಕ್ಕೆ ಹೋಯಿತು. ಇಬ್ಬರಿಗೂ ಏನೂ ಇರಲಿಲ್ಲ, ಕೆಟ್ಟದ್ದು ಪಾತ್ರೆ ಒಂದೇ.

ಪಾಳಿ

ಶಹಾಪುರದಲ್ಲಿ ಒಂದು ದಿನ ಹೆಂಗಸರ ಸಾಲು ಬಾಗಿಲು ದಾಟಿ ನಿಂತಿತ್ತು. ನಾನು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದೆ.

"ಎಷ್ಟು ಹೆರಿಗಿ ಆಗ್ಯಾವು?"

"ಮೂರ್ರಿ."

ದನಿ ಒಡಕು ಅನಿಸಿತು. ನೆಗಡಿ ಇರಬೇಕು ಎಂದುಕೊಂಡೆ.

"ಮುಟ್ಟು ನಿಂತೈತೇನು?"

"ಬರೂ ದೀಪಾವಳಿಗಿ ಎರಡು ವರ್ಷ ಆಕ್ಕೈತ್ರಿ."

"ಎದಿಯೊಳಗ ಗಂಟು ಗಿಂಟು?"

"ಎಡಕ್ಕ ಒಂದೈತ್ರಿ, ಕಡ್ಲಿ ಕಾಳಿನಷ್ಟು."

ತಲೆ ಎತ್ತಿದರೆ ಎದುರಿಗೆ ದಪ್ಪ ಮೀಸೆ. ಹೆಂಡತಿಯ ಬಸ್ಸು ತಡವಾಗಿದೆ, ಪಾಳಿ ತಪ್ಪಬಾರದೆಂದು ಅವಳ ಬದಲಿಗೆ ಇವನು ಬಂದು ನಿಂತಿದ್ದಾನೆ. ಹೆಂಗಸರೆಲ್ಲ ಸೆರಗು ಬಾಯಿಗೊತ್ತಿ ನಗುತ್ತಿದ್ದರು. ನಾನೂ ನಕ್ಕೆ. ನಗುತ್ತಿರುವಾಗಲೇ ನನ್ನ ಅಕ್ಕ ನೆನಪಾದಳು. ಅವಳೂ ಇಷ್ಟೇ ಸಣ್ಣ ಗಂಟನ್ನು ವರ್ಷಗಟ್ಟಲೆ ಸೆರಗಿನ ಮರೆಯಲ್ಲಿಟ್ಟಿದ್ದಳು. ಮನೆ ತುಂಬ ಮಂದಿ, ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾದಾಗ ಡಾಕ್ಟರ ಕೈಯಲ್ಲೂ ಏನೂ ಉಳಿದಿರಲಿಲ್ಲ. ಅವಳಿಗಾಗಿ ಹೀಗೆ ಯಾರಾದರೂ ಪಾಳಿಯಲ್ಲಿ ನಿಂತಿದ್ದರೆ, ನಾನಾದರೂ ನಿಂತಿದ್ದರೆ, ಇವತ್ತು ನನ್ನ ಪಕ್ಕ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಅವನ ಹೆಂಡತಿಯ ಗಂಟು ಸಾದಾ ಗಂಟು, ಅಂಜುವಂಥದ್ದಲ್ಲ ಎಂದು ಆಮೇಲೆ ತಿಳಿಯಿತು. ಆದರೆ ಆ ಹೊತ್ತಿಗೆ ಅದು ಗೊತ್ತಿರಲಿಲ್ಲ. ಅವಳು ಬಸ್ಸಿಳಿದು ಓಡುತ್ತ ಬಂದಳು. ಹೆಣ್ಣುಮಕ್ಕಳನ್ನೇ ಕೇಳಿ ಬರೆಯಬೇಕೆಂಬುದು ನಿಯಮ. ಅದಕ್ಕೆ ಮತ್ತೆ ಮೊದಲಿನಿಂದ ಶುರು ಮಾಡಿ, ಮುಟ್ಟು ನಿಂತು ಎಷ್ಟು ದಿನವಾಯಿತು ಎಂದೆ.

ಅವಳು ಏದುಸಿರು ಬಿಡುತ್ತ ಗಂಡನ ಕಡೆ ತಿರುಗಿದಳು.

"ನೀವು ಎಷ್ಟಂತ ಬರಿಸೀರಿ? ನಂದೂ ಅಷ್ಟ ಇರಲಿ."