ಅಮಾವಾಸ್ಯೆಯ ಕಾಯಿ ಮತ್ತು ಅಪಘಾತದ ವರದಿ

ಹುಕ್ಕೇರಿ ತಾಲೂಕಿನ ನಮ್ಮ ವಿಮಾನ ತರಬೇತಿ ಕೇಂದ್ರದಲ್ಲಿ ಅಮಾವಾಸ್ಯೆಯಂದು ಮುಂಜಾನೆ ಒಂಬತ್ತಕ್ಕೆ ಸಂಭವಿಸಿದ ಘಟನೆಯು ಮರುದಿನ ಎಂಟೂ ಮುಕ್ಕಾಲಿಗೆ ಅಪಘಾತವಾಯಿತೆಂದು ಈ ಮೂಲಕ ತಿಳಿಸಲಾಗಿದೆ. ನಾನು ಕೇಂದ್ರದ ಹೆಡ್ ಕ್ಲರ್ಕ್ ಮಹಾಂತೇಶ. ಸುಳ್ಳು ಬರೆಯುವ ಚಾಳಿ ನನಗಿಲ್ಲ. ಸಾಹೇಬರು ಹೇಳಿದ್ದನ್ನು ಬರೆಯುತ್ತೇನೆ.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ಪೂಜೆ ತಪ್ಪುವುದಿಲ್ಲ. ಟ್ರ್ಯಾಕ್ಟರಿಗೆ ಆದದ್ದು ವಿಮಾನಕ್ಕೂ ಆಗಲಿ ಎಂದು ಮಾಲೀಕರಾದ ಮುರಿಗೆಪ್ಪ ಸಾಹೇಬರು ಗಾಲಿಗಳ ಕೆಳಗೆ ಲಿಂಬಿಹಣ್ಣು ಇಟ್ಟು, ಊದುಬತ್ತಿ ಬೆಳಗಿ, ಕಾಯಿಯನ್ನು ವಿಮಾನದ ಮೂತಿಯ ಪಂಖಕ್ಕೇ ಹೊಡೆದರು. ಕಾಯಿ ಶುಭವಾಗಿ ಎರಡು ಹೋಳಾಯಿತು. ಪಂಖದಲ್ಲೂ ಬೆರಳುದ್ದದ ಸೀಳು ಬಿತ್ತು.

ದುರಸ್ತಿ ಇಂಜಿನಿಯರ್ ದುಂಡೇಶ ಫಾರ್ಮು ಹಿಡಿದು ಬಂದ.

"ಸಾಹೇಬ್ರ, ಇಪ್ಪತ್ನಾಕು ತಾಸಿನಾಗ ಅಪಘಾತದ ವರದಿ ಹೋಗಬೇಕ್ರಿ. ನಾನೂ ಸಹಿ ಮಾಡಬೇಕು, ನೀವೂ ಮಾಡಬೇಕು. ಇಲ್ಲಂದ್ರ ನನ್ನ ಲೈಸೆನ್ಸ್ ಹೋಗತೈತಿ. ಅದೂ ಹೋಗ್ಲಿ, ನಾಳೆ ಅರ್ಚನಾ ಒಬ್ಬಾಕೀನ ಹಾರಾಕಿ ಅದಾಳ. ಮ್ಯಾಲ ಹೋದಾಗ ಈ ಪಂಖಾ ಮುರಿದ್ರ ಹುಡುಗಿ ಉಳ್ಯಂಗಿಲ್ರಿ."

ಅರ್ಚನಾ ಅಂಕಲಗಿಯ ಪರಪ್ಪನ ಮಗಳು. ಮೊದಲ ಸಲ ಒಂಟಿಯಾಗಿ ಹಾರುವವಳನ್ನು ನೋಡಲು ಊರ ಮಂದಿ ಎರಡು ಟೆಂಪೋ ಹೇಳಿಟ್ಟಿದ್ದರು.

ಸಾಹೇಬರು ನಿಯಮದ ಪುಸ್ತಕವನ್ನು ಅಂದೇ ಮೊದಲ ಸಲ ತೆರೆದರು. "ಹಾರೂ ಉದ್ದೇಶದಿಂದ ಮನಷ್ಯಾ ವಿಮಾನ ಹತ್ತಿದಾಗಿಂದ ಇಳಿಯೂತನಕ ಆದದ್ದಷ್ಟ ಅಪಘಾತ ಅಂತ ಇಲ್ಲೇ ಬರದಾರ. ನಾ ಕಾಯಿ ಒಡಿಯೂಮುಂದ ಒಳಗ ಯಾರಿದ್ರು?"

"ಯಾರೂ ಇರಲಿಲ್ರಿ."

"ಮತ್ತ ಅಪಘಾತ ಎಲ್ಲಿಂದ ಬಂತು? ಅಪಘಾತ ಆಗಿಲ್ಲಂದ್ರ ವಿಮಾನ ಗಟ್ಟಿ ಐತಿ ಅಂತ ಅರ್ಥ. ನಾಳೆ ಹಾರತೈತಿ. ಗಟ್ಟಿ ಐತಿ ಅಂತ ನೀ ಸಹಿ ಮಾಡಲಿಲ್ಲಂದ್ರ ಮಾಡೂವರನ್ನ ಕೊಲ್ಲಾಪುರದಿಂದ ಕರಸ್ತೇನಿ."

'ಪೂಜೆಯು ಅಪಘಾತವಲ್ಲ' ಎಂಬ ಸುತ್ತೋಲೆಯನ್ನು ನಾನೇ ಟೈಪ್ ಮಾಡಿ ಗೋಡೆಗೆ ಹಚ್ಚಿದೆ. ಖರೆ ಹೇಳಬೇಕೆಂದರೆ ಹುಡುಗಿಯನ್ನು ನೆನೆದು ಸಂಕಟವಾಯಿತು. ಆದರೆ ಸಂಕಟಕ್ಕೆ ಫಾರ್ಮಿನಲ್ಲಿ ಕಾಲಂ ಇಲ್ಲ.

ಮರುದಿನ ಟೆಂಪೋಗಳು ಬಂದವು. ದುಂಡೇಶ ಕಂಕುಳಲ್ಲಿ ಫಾರ್ಮು, ಕೈಯಲ್ಲಿ ಕಾಯಿ ಹಿಡಿದು ಬಂದ. ಅರ್ಚನಾಳನ್ನು ವಿಮಾನದೊಳಗೆ ಕೂಡಿಸಿ ಬೆಲ್ಟು ಕಟ್ಟಿಸಿದ.

"ಹಾರೂ ಉದ್ದೇಶ ಐತೇನವಾ?"

"ಸಾಲ್ಯಾಗ ಇದ್ದಾಗಿಂದ ಐತ್ರಿ ಸರ್."

ಅವನು ಸಾಹೇಬರತ್ತ ತಿರುಗಿದ. "ನಿನ್ನಿದು ಅಮಾಸಿ ಕಾಯಿ ಆತ್ರಿ. ಹುಡುಗಿ ಹೆಸರಲೆ ಇನ್ನೊಂದು ಒಡೀರಿ. ಊರ ಮಂದಿ ನೋಡ್ಲಿ."

ಮಂದಿ ಮುಂದೆ ಕೈಗೆ ಬಂದ ಕಾಯಿಯನ್ನು ಬೇಡ ಅನ್ನುವವರು ನಮ್ಮ ಸಾಹೇಬರಲ್ಲ. ಮೈಯೆಲ್ಲ ಕಸುವು ಹಾಕಿ ಅದೇ ಜಾಗಕ್ಕೆ ಹೊಡೆದರು. ಪಂಖ ಮುರಿದು ಅವರ ಕಾಲ ಬುಡದಲ್ಲೇ ಬಿತ್ತು. ಆಗ ಗಂಟೆ ಎಂಟೂ ಮುಕ್ಕಾಲು.

"ಈಗ ಒಳಗ ಮನಷ್ಯಾರದಾರ್ರಿ," ಎಂದು ದುಂಡೇಶ ಫಾರ್ಮು ಮುಂದೆ ಹಿಡಿದ.

ಸಾಹೇಬರು ನಿಯಮವನ್ನು ಎರಡು ಸಲ ಓದಿದರು. ಅಪಘಾತವಾಗಿದೆಯೆಂದು ಒಪ್ಪಿದರು. ನಂತರ ಚಾಲಕರ ಹೆಸರಿನ ಕಾಲಂ ಅವರ ಕಣ್ಣಿಗೆ ಬಿತ್ತು, ಮುಖ ಅರಳಿತು. ಅವರು ಹೇಳಿದರು, ನಾನು ಬರೆದೆ: 'ಕಾರಣ: ಎದುರಿಗೆ ಬರುತ್ತಿದ್ದ ಕಾಯಿಯನ್ನು ಚಾಲಕಿಯು ತಪ್ಪಿಸಲಿಲ್ಲ.' ಇಬ್ಬರೂ ಸಹಿ ಮಾಡಿದರು.

ಪರಪ್ಪ ತಂದಿದ್ದ ಮಾಲೆ ವ್ಯರ್ಥವಾಗಲಿಲ್ಲ. "ವಿಮಾನ ಅಪಘಾತದಾಗ ಬದುಕಿ ಬಂದಾಕಿ ಅಂಕಲಗ್ಯಾಗ ನನ್ನ ಮಗಳ ಮೊದಲನೇದಾಕಿ," ಎಂದು ಹಾಕಿದ. ಮಂದಿ ಚಪ್ಪಾಳೆ ಹೊಡೆದರು.

ಮಾಲೆಯೊಳಗಿಂದ ಅರ್ಚನಾ ಕೇಳಿದಳು: "ನಾ ಇನ್ನ ಹಾರೂದು ಯಾವಾಗ್ರಿ ಸರ್?"

"ಜೀವಾ ಐತೆಲ್ಲವಾ," ಎಂದ ದುಂಡೇಶ. "ಎಂದಾದ್ರೂ ಹಾರತೀ."

ವರದಿಯನ್ನು ಸಕಾಲಕ್ಕೆ ಸಲ್ಲಿಸಿದ್ದಕ್ಕಾಗಿ ಮೇಲಿನಿಂದ ಮೆಚ್ಚುಗೆಯ ಪತ್ರ ಬಂದಿದ್ದು, ಅದಕ್ಕೆ ಚೌಕಟ್ಟು ಹಾಕಿಸಲಾಗಿದೆ. ಇನ್ನು ಮುಂದೆ ಕಾಯಿ ಒಡೆಯುವಾಗ ಸಿಬ್ಬಂದಿಯಲ್ಲೊಬ್ಬರು ಹಾರುವ ಉದ್ದೇಶದಿಂದ ಬೆಲ್ಟು ಕಟ್ಟಿಕೊಂಡು ಒಳಗೆ ಕೂತಿರತಕ್ಕದ್ದೆಂದು ಹೊಸ ಸುತ್ತೋಲೆ ಹೊರಟಿದೆ. ಬರುವ ಅಮಾವಾಸ್ಯೆಗೆ ನನ್ನ ಪಾಳಿ. ಜಳಕ ಮಾಡಿ ಬರಲು ತಿಳಿಸಿದ್ದಾರೆ.