ಸೈರನ್ನಿನ ಸೊನ್ನೆ ಮತ್ತು ಭದ್ರಾವತಿ ಡ್ಯೂಟಿ

ಇಂದ:
ಅಭಯ, ಸಾಫ್ಟ್‌ವೇರ್ ಎಂಜಿನಿಯರ್,
ಕಿಟಕಿ ಪಕ್ಕದ ಮೇಜು, ವಿದ್ಯಾನಗರ ಕಚೇರಿ, ಶಿವಮೊಗ್ಗ

ಗೆ:
ಶ್ರೀ ಶಶಿಧರ್, ಮಾಲೀಕರು,
ಅದೇ ಕಚೇರಿ, ಎದುರು ಮೇಜು

ವಿಷಯ: ಭದ್ರಾವತಿ ಫೌಂಡ್ರಿಯ ಕೆಲಸವನ್ನು ಸಹೋದ್ಯೋಗಿ ಸುಘೋಷನಿಗೆ ವಹಿಸಿದ ಆದೇಶವನ್ನು ಹಿಂಪಡೆಯುವ ಕುರಿತು.

ಉಲ್ಲೇಖ: ೧) ತಮ್ಮ ಮೌಖಿಕ ಆದೇಶ: "ನೀನು ಬಾಯೇ ಬಿಡಲ್ಲ ಮಾರಾಯ, ಗಿರಾಕಿ ಹತ್ರ ನಾಲ್ಕು ಮಾತಾಡೋರು ಬೇಕು."
೨) ಕಳೆದ ಮಂಗಳವಾರದ ಸೈರನ್.

ಮಾನ್ಯರೇ,

ಎದುರಿಗೇ ಕುಳಿತಿದ್ದರೂ ಬಾಯಿಬಿಟ್ಟು ಹೇಳಲಾಗದ ಕಾರಣ, ಸದರಿ ಅರ್ಜಿದಾರನು ಈ ಕೆಳಕಂಡಂತೆ ಅರಿಕೆ ಮಾಡಿಕೊಳ್ಳುತ್ತಾನೆ.

೧. ಫೌಂಡ್ರಿಯ ಕುಲುಮೆಗಳನ್ನು ಕಾಯುವ ಕಂಪ್ಯೂಟರನ್ನು ನಿಲ್ಲಿಸುವಂತಿಲ್ಲ. ಆದ್ದರಿಂದ ಅದರ ಕರ್ನಲ್ಲಿನ, ಅಂದರೆ ಯಂತ್ರದ ಒಳಮನಸ್ಸಿನ, ಯಾವ ಭಾಗವನ್ನಾದರೂ ಅದು ನಡೆಯುತ್ತಿರುವಾಗಲೇ ಬದಲಿಸಬೇಕು. ಹಳೆಯ ಭಾಗ ಹೋಗುವ ಮುನ್ನ ತನಗೆ ಗೊತ್ತಿದ್ದುದನ್ನೆಲ್ಲ ಮೆಮೊರಿಯ ಅಳಿಸದ ಮೂಲೆಯೊಂದರಲ್ಲಿ ಇಟ್ಟು ಹೋಗುತ್ತದೆ. ಹೊಸದು ಬಂದು ಎತ್ತಿಕೊಳ್ಳುತ್ತದೆ. ಶಿಫ್ಟ್ ಬದಲಾಗುವಾಗ ಎದ್ದವನು ಕೂರುವವನಿಗೆ ಹೇಳಿಹೋಗುವ ಹಾಗೆ. ಹೇಳದೆ ಬಿಟ್ಟದ್ದು ಹೋಯಿತು, ಅಷ್ಟೇ.

೨. ಮೂರನೆಯ ಕುಲುಮೆ ರಿಪೇರಿಯಲ್ಲಿದೆ. ಅದರ ಕೆಟ್ಟುಹೋದ ಉಷ್ಣಮಾಪಕ 'ಅಪಾಯ, ಅಪಾಯ' ಎಂದು ಒದರುತ್ತಲೇ ಇದ್ದ ಕಾರಣ, ಕಂಟ್ರೋಲ್ ರೂಮಿನ ಉಸ್ತುವಾರಿ ನವ್ಯಾ ಅವರು ಸೈರನ್ನನ್ನು ಸುಮ್ಮನಿರಿಸಿದ್ದರು. ಯಂತ್ರದೊಳಗೆ ಆ ಸುಮ್ಮನಿರುವಿಕೆಯ ಗುರುತು ಒಂದು ಸೊನ್ನೆ.

೩. ಮಂಗಳವಾರ ಸುಘೋಷ ಪ್ರಯೋಗಾರ್ಥವಾಗಿ ಅಲ್ಲಿಗೆ ಹೋಗಿ, ಸೋಗಾನೆ ನಿಲ್ದಾಣದ ವಿಮಾನಗಳ ಬಗ್ಗೆ ಮಾತಾಡುತ್ತಲೇ ಹೊಸ ಭಾಗವನ್ನು ಕೂರಿಸಿದನು. ಕುಲುಮೆಯ ಶಾಖ, ಫ್ಯಾನಿನ ವೇಗ ಎಲ್ಲವೂ ಕ್ಷೇಮವಾಗಿ ದಾಟಿದವು. ಸೊನ್ನೆಗಳನ್ನು ಮಾತ್ರ ಆತ ಬಿಟ್ಟ. "ಸೊನ್ನೆ ಅಂದ್ರೆ ಏನೂ ಇಲ್ಲ ತಾನೆ? ಇಲ್ಲದ್ದನ್ನ ಯಾಕೋ ಹೊತ್ಕೊಂಡು ಹೋಗೋದು?" ಎಂಬುದು ಆತನ ವಾದ. ಸುಮ್ಮನಿರೆಂದು ಯಾರೂ ಹೇಳಿಹೋಗದ ಕಾರಣ, ಹೊಸ ಭಾಗ ಕಣ್ಣುಬಿಟ್ಟ ಕೂಡಲೇ ಸೈರನ್ ಊದಿತು.

೪. ಬೇರೆ ಊರಾಗಿದ್ದರೆ ಜನ ಗಾಬರಿಬಿದ್ದು ಓಡುತ್ತಿದ್ದರು. ಭದ್ರಾವತಿಯಲ್ಲಿ ಸೈರನ್ ಎಂದರೆ ಶಿಫ್ಟ್ ಮುಗಿಯಿತೆಂದು ಲೆಕ್ಕ, ಕೇಳಿದರೆ ಕೈ ತೊಳೆಯುತ್ತಾರೆ. ಮಟಮಟ ಮಧ್ಯಾಹ್ನ ಇಡೀ ಫೌಂಡ್ರಿ ಟಿಫನ್ ಕ್ಯಾರಿಯರ್ ಹಿಡಿದು ಗೇಟಿನತ್ತ ನಡೆಯಿತು. ನವ್ಯಾ ಅಡ್ಡ ನಿಂತರೆ ಹಿರಿಯ ಕೆಲಸಗಾರ ಕರಿಯಣ್ಣ, "ಸೈರನ್ ಆಯ್ತಲ್ಲಮ್ಮ, ಇನ್ನೇನು? ನಾಳೆ ಬರ್ತೀವಿ ಅಂತ ಆ ಕಬ್ಬಿಣಕ್ಕೆ ನೀನೇ ಹೇಳಿಬಿಡು" ಎಂದರು.

೫. ಅರ್ಜಿದಾರನು ಬಸ್ಸು ಹಿಡಿದು ಹೋಗಿ ಸದರಿ ಸೊನ್ನೆಯನ್ನು ಮರಳಿ ಅದರ ಜಾಗದಲ್ಲಿಟ್ಟನು. ಆಮೇಲೆ ಎಂದಿನಂತೆ ಕ್ಯಾಂಟೀನಿನ ಹಿಂದಿನ ಕಲ್ಲುಬೆಂಚಿನ ಮೇಲೆ ನವ್ಯಾ ಅವರೊಂದಿಗೆ ಟೀ ಕುಡಿದನು. ಪ್ರತಿ ಅಪ್‌ಡೇಟಿನ ನಂತರ ಇದು ನಡೆದುಕೊಂಡು ಬಂದ ಪದ್ಧತಿ. ಇಬ್ಬರೂ ಮಾತಾಡುವುದಿಲ್ಲ. ಲೋಟ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಕ್ಯಾಂಟೀನಿನ ಸಣ್ಣಮ್ಮ, "ಜಗಳ ಆಡಿದ್ದೀರೋ, ಇಲ್ಲಾ ಲಗ್ನ ಗೊತ್ತಾಗಿದೆಯೋ?" ಎಂದು ಕೇಳಿದ್ದುಂಟು. ಉತ್ತರ ಕೊಡುವ ಧೈರ್ಯ ಅರ್ಜಿದಾರನಿಗೆ ಇನ್ನೂ ಬಂದಿಲ್ಲ.

೬. "ಮುಂದಿನ ಸಲದಿಂದ ಸುಘೋಷ ಬರ್ತಾನೆ" ಎಂದು ಅರ್ಜಿದಾರನು ತಿಳಿಸಿದಾಗ ನವ್ಯಾ ಲೋಟ ಕೆಳಗಿಟ್ಟು, "ಮಾತಾಡೋಕೆ ಇಲ್ಲಿ ಬೇಕಾದಷ್ಟು ಜನ ಇದ್ದಾರೆ ಮಾರಾಯ್ರೇ. ಸುಮ್ನೆ ಕೂರೋರು ಯಾರಿದ್ದಾರೆ?" ಎಂದರು.

ಆದ್ದರಿಂದ, ಸುಘೋಷನಿಗೆ ಕೋಡು, ಪಾಸ್‌ವರ್ಡು, ಗೇಟ್ ಪಾಸು ಎಲ್ಲವನ್ನೂ ದಾಟಿಸಬಹುದಾದರೂ ಆ ಬೆಂಚನ್ನು ದಾಟಿಸಲು ಬಾರದ ಕಾರಣ, ಮತ್ತು ದಾಟದೆ ಉಳಿದದ್ದು ಹೋಗಿಬಿಡುವ ಕಾರಣ, ಭದ್ರಾವತಿ ಡ್ಯೂಟಿಯನ್ನು ಅರ್ಜಿದಾರನಿಗೇ ಉಳಿಸಿಕೊಡಬೇಕಾಗಿ ಕೋರಿಕೆ.

ಎದುರು ಮೇಜಿನ ವಿಶ್ವಾಸಿ,
ಅಭಯ

ಅಡಕಗಳು:
ಅ) ಸೊನ್ನೆಗಳನ್ನೂ ಉಳಿಸುವಂತೆ ತಿದ್ದಿದ ಕೋಡಿನ ಪ್ರತಿ.
ಆ) ನವ್ಯಾ ಅವರ ಅಭಿಪ್ರಾಯ, ಒಂದು ಹಾಳೆ. ನಾಲ್ಕು ಸಾಲು ಬರೆದುಕೊಡಿ ಎಂದು ಕೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, ಏನನ್ನೂ ಬರೆಯದೆ, ಕೆಳಗೆ ಸಹಿ ಮಾತ್ರ ಹಾಕಿ ಕೊಟ್ಟಿದ್ದಾರೆ. ಸದರಿ ಹಾಳೆ ಖಾಲಿ ಇದೆಯೆಂದು ತಿಳಿದು ಪ್ರಿಂಟರಿಗೆ ಹಾಕಬಾರದೆಂದು ವಿನಂತಿ.